ಚಾನೆಲ್ ನಿಂತುಹೋದ ವಾರ ಕೇಬಲ್ ಕನೆಕ್ಷನ್ ಉಳಿಸಿಕೊಂಡಿದ್ದು: ನನ್ನ ಅನುಭವ

2023ರ ಫೆಬ್ರವರಿ 18, ಶಿವರಾತ್ರಿ. ಬೆಳಿಗ್ಗೆ ಏಳಕ್ಕೇ ಫೋನ್ ಶುರುವಾಯಿತು. ಹೊಸ ದರದ ಒಪ್ಪಂದಕ್ಕೆ ಸಹಿ ಬೀಳಲಿಲ್ಲ ಅಂತ ಚಾನೆಲ್ ನಡೆಸುವ ಮೂರು ದೊಡ್ಡ ಬ್ರಾಡ್‌ಕಾಸ್ಟರ್‌ಗಳು ನಮ್ಮ ಎಂಎಸ್‌ಒಗೆ (ನನ್ನಂಥ ಊರಿನ ಕೇಬಲ್ ಆಪರೇಟರ್‌ಗಳಿಗೆ ಸಿಗ್ನಲ್ ಹಂಚುವ ಕಂಪನಿ) ಸಿಗ್ನಲ್ ನಿಲ್ಲಿಸಿದ್ದರು. ದೇಶದಲ್ಲಿ ನಾಲ್ಕೂವರೆ ಕೋಟಿ ಮನೆಗೆ ಹೀಗಾಗಿದೆ ಅಂತ ಕೇಬಲ್ ಒಕ್ಕೂಟ ಹೇಳಿತು. ನನ್ನ ಚಿಂತೆ ನನ್ನ 380 ಮನೆಗಳದ್ದು. ಸೀರಿಯಲ್ ಇಲ್ಲ, ಡೆಲ್ಲಿ ಟೆಸ್ಟ್ ಇಲ್ಲ, ರಾತ್ರಿ ಜಾಗರಣೆ ಬೇರೆ. ಲೈನ್ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೊದಲು ತಪ್ಪುಗಳನ್ನೇ ಹೇಳುತ್ತೇನೆ. ಎಂಎಸ್‌ಒ ಕಳಿಸಿದ ಇಂಗ್ಲಿಷ್ ನೋಟಿಸನ್ನು ಹಾಗೇ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಟ್ರಾಯ್ (ಟಿವಿ, ಟೆಲಿಕಾಂ ನಿಯಂತ್ರಣ ಸಂಸ್ಥೆ) ಹೊಸ ನಿಯಮ, ಪ್ಯಾಕ್‌ಗೆ ಸೇರಿಸುವ ಚಾನೆಲ್‌ಗೆ 19 ರೂಪಾಯಿ ಮಿತಿ, ಅದಕ್ಕೇ ಜಗಳ ಅಂತೆಲ್ಲ ಬರೆದೆ. ಯಾರಿಗೆ ಬೇಕು ಅದು? "ದುಡ್ಡು ತಗೊಂಡಿದ್ದು ನೀನು, ಚಾನೆಲ್ ಕೊಡಬೇಕಾದವನೂ ನೀನೇ" ಅಂದರು. ನ್ಯಾಯವಾದ ಮಾತೇ.

ಎರಡನೇ ತಪ್ಪು ಜಾಸ್ತಿ ದುಬಾರಿಯಾಯಿತು. ಹುಡುಗನನ್ನು ಕಳಿಸಿ ಹನ್ನೊಂದು ಮನೆಯಲ್ಲಿ ಮೊಬೈಲಿಗೆ ಸೀರಿಯಲ್ ನೋಡುವ ಆ್ಯಪ್ ಹಾಕಿಸಿಕೊಟ್ಟೆ. ಏಳು ಮನೆಯವರು ಮತ್ತೆ ಕೇಬಲ್ ರೀಚಾರ್ಜ್ ಮಾಡಿಸಲೇ ಇಲ್ಲ.

ಭಾನುವಾರ ರಾತ್ರಿ ಕಲೆಕ್ಷನ್ ನೋಟ್‌ಬುಕ್ ತೆಗೆದು ಕೂತೆ. ಯಾವ ಮನೆಯಲ್ಲಿ ಏನು ನೋಡುತ್ತಾರೆ ಅನ್ನೋದು ನನಗೆ ಹೆಚ್ಚುಕಡಿಮೆ ಬಾಯಿಪಾಠ. ನಿಂತುಹೋದ ಪ್ಯಾಕ್‌ಗಳ ಬೆಲೆ ಒಂದು ಮನೆಗೆ ತಿಂಗಳಿಗೆ ಸುಮಾರು 85 ರೂಪಾಯಿ. ದಿನಕ್ಕೆ ಮೂರು ರೂಪಾಯಿಗಿಂತ ಸ್ವಲ್ಪ ಕಮ್ಮಿ, ವಾರಕ್ಕೆ 20. ಎನ್‌ಸಿಎಫ್ (ಕನೆಕ್ಷನ್‌ನ ಮೂಲ ಶುಲ್ಕ) ಆಗ 130, ಅದನ್ನೂ ಅದರ ಜಿಎಸ್‌ಟಿಯನ್ನೂ ಮುಟ್ಟಲಿಲ್ಲ, ಉಳಿದ ಚಾನೆಲ್ ಬರುತ್ತಿದ್ದವಲ್ಲ. ಸೋಮವಾರ ಬ್ಯಾಂಕಿನಿಂದ ಇಪ್ಪತ್ತರ ನೋಟಿನ ನಾಲ್ಕು ಕಟ್ಟು ತಂದೆ. ಬಿಲ್‌ನಲ್ಲಿ ಕಳೆದರೆ ಯಾರೂ ನೋಡುವುದಿಲ್ಲ. ಕೈಗೆ ನೋಟು ಕೊಟ್ಟರೆ ನೆನಪಿರುತ್ತದೆ.

ಮೂರನೇ ಕ್ರಾಸಿನ ಅಜ್ಜಿಯ ರಿಮೋಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿದೆ. ಒಳಗೆ ಎರಡು ಬಟನ್‌ಗಳ ಅಂಕಿ ಪೂರ್ತಿ ಅಳಿಸಿಹೋಗಿದೆ. ನಾನು ಹೋದಾಗ ಅದೇ ಎರಡು ಬಟನ್ ಒತ್ತುತ್ತಾ ಕೂತಿದ್ದರು. "ಅಜ್ಜಿ, ಬರದೇ ಇದ್ದ ದಿನದ ದುಡ್ಡು ಇದು" ಅಂದೆ. "ಕೇಬಲ್‌ನವರು ದುಡ್ಡು ವಾಪಸ್ ಕೊಟ್ಟಿದ್ದು ಇವತ್ತೇ ನೋಡಿದ್ದು ಕಣಪ್ಪಾ" ಅಂತ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಪಕ್ಕದ ಲೈನ್ ನಡೆಸುವವರು ಬೈದರು. "7,600 ಸುಮ್ನೆ ಹಾಳು ಮಾಡಿದೆ. ನಾಳೆ ಕರೆಂಟ್ ಹೋದರೂ ದುಡ್ಡು ಕೇಳ್ತಾರೆ ನೋಡು." ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ನನಗೆ ಹೋಗಿದ್ದು ಹನ್ನೊಂದು ಕನೆಕ್ಷನ್, ಆ್ಯಪ್‌ನ ಏಳೂ ಸೇರಿ. ಬೈದವರಿಗೆ 450ರಲ್ಲಿ ಅರವತ್ತರ ಹತ್ತಿರ ಹೋಗಿತ್ತು. ಒಂದು ಕನೆಕ್ಷನ್‌ಗೆ ನಮಗೆ ಉಳಿಯೋದು ತಿಂಗಳಿಗೆ ತೊಂಬತ್ತು ಅಂದರೂ ಅರವತ್ತಕ್ಕೆ 5,400 ಆಯಿತು. ನನ್ನ ಖರ್ಚು ಅವರ ಒಂದೂವರೆ ತಿಂಗಳ ನಷ್ಟಕ್ಕಿಂತ ಸ್ವಲ್ಪ ಕಮ್ಮಿಯೇ. ಆಮೇಲೆ ಪ್ಯಾಕ್ ದರ ಏರಿದಾಗಲೂ ನನ್ನ ಲೈನ್‌ನಲ್ಲಿ ಗಲಾಟೆ ಆಗಲಿಲ್ಲ.

ಯಾವ ಮನೆಗೆ ಮೊದಲು ಹೋಗಬೇಕು, ಅದೇ ವಾರ ಅವಧಿ ಮುಗಿಯುತ್ತಿದ್ದ ಬಾಕ್ಸ್‌ಗಳನ್ನು ಹೇಗೆ ನಿಭಾಯಿಸಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನ ಆಪರೇಟರ್‌ಗಳೂ ಇದನ್ನು ಓದುತ್ತಾರೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಡಿಡಿ ಫ್ರೀ ಡಿಶ್‌ನ ಆರು ಸೆಟ್ ತಂದೆ, ಒಂದಕ್ಕೆ ಸುಮಾರು 1,500. 93.5 ಡಿಗ್ರಿಯಲ್ಲಿರುವ ಅದರ ಉಪಗ್ರಹದ ಕಡೆ ತಿರುಗಿಸಿ ಆರು ಮನೆಗೆ ಎರವಲು ಕೊಟ್ಟೆ. ಚಂದನ ಚೆನ್ನಾಗಿ ಬಂತು, ಆದರೆ ಅವರಿಗೆ ಬೇಕಾಗಿದ್ದು ಅವರವರ ಸೀರಿಯಲ್. ಆ ಲೆಕ್ಕದಲ್ಲಿ ದುಡ್ಡು ದಂಡ. ಆದರೆ ನಾಲ್ಕು ಡಿಶ್ ಈಗಲೂ ಅಲ್ಲೇ ಇವೆ. ಜೆಸಿಬಿ ಫೈಬರ್ ಕಿತ್ತ ದಿನ ಆ ನಾಲ್ಕು ಮನೆಯಿಂದ ಫೋನ್ ಬರುವುದಿಲ್ಲ.

ಕೊನೆಗೆ ಸಹಿ ಬಿತ್ತು, ಸಿಗ್ನಲ್ ರಾತ್ರಿ ಬಂತು. ಆದರೆ ನಲವತ್ತರಷ್ಟು ಬಾಕ್ಸ್‌ಗಳಲ್ಲಿ ಚಾನೆಲ್ ತೆರೆಯಲೇ ಇಲ್ಲ. ಬೆಳಿಗ್ಗೆ ಫೋನ್ ಬರಲಿ ಅಂತ ಕಾಯಲಿಲ್ಲ. ಒಂದೊಂದೇ ಬಾಕ್ಸ್ ನಂಬರ್ ಹಾಕಿ ಎಂಎಸ್‌ಒ ಪೋರ್ಟಲ್‌ನಲ್ಲಿ ರಿಫ್ರೆಶ್ ಕೊಟ್ಟೆ. ಮುಗಿದಾಗ ರಾತ್ರಿ ಎರಡು ಗಂಟೆ.