ಗೋಳಗುಮ್ಮಟದಲ್ಲಿ ನನ್ನ ಹುಡುಗ ಕೂಗಲಿಲ್ಲ

"ಅವ ಕೂಗಲೇಬೇಕ್ರಿ ಸರ್, ಇಲ್ಲಾಂದ್ರ ಜನಕ್ಕ ಅವನ ಸಿಟ್ಟು ಹೆಂಗ ತಿಳೀತದ?" ನಮ್ಮ ನಾಟಕ ತಂಡದ ಎಂಟೂ ಜನರದು ಇದೇ ಮಾತು. ಎರಡು ವರ್ಷ ಕೇಳಿದೆ. ಈಗ ನಾಟಕ ತಿದ್ದಿ ಬರೆದ ಮೇಲೆ ಮೂರು ಪ್ರದರ್ಶನ ಆಗಿವೆ. ಮೂರರಲ್ಲೂ ಅವನು ಕೂಗಲಿಲ್ಲ. ಜನ ಮಾತ್ರ ಕೆಮ್ಮದೆ ಕೂತು ನೋಡಿದರು.

ನಾಟಕದ ಹುಡುಗ ಖಾನಾಪುರ ತಾಲ್ಲೂಕಿನ ಸಿದ್ದಿ, ಆಫ್ರಿಕಾ ಮೂಲದ ಸಮುದಾಯದವನು. ವಿಜಯಪುರದಲ್ಲಿ ಡಿಗ್ರಿ ಓದುತ್ತಾನೆ. ಗೆಳೆಯರ ಜೊತೆ ಗೋಳಗುಮ್ಮಟಕ್ಕೆ ಹೋದಾಗ ಸಾಲಿನಲ್ಲಿ ಹಿಂದಿದ್ದವನೊಬ್ಬ "ಫಾರಿನ್ ಲೈನ್ ಆ ಕಡೆ" ಅನ್ನುತ್ತಾನೆ. ವಿದೇಶಿಯರ ಟಿಕೆಟ್ ನಮ್ಮದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಅಲ್ವಾ, ಗೆಳೆಯರಿಗೆ ನಗು. ಅವನೂ ನಗುತ್ತಾನೆ. ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬ ಅವನ ಗುಂಗುರು ಕೂದಲಿಗೆ ಕೈ ಹಾಕಿ ಎಲ್ಲರಿಗೂ ತೋರಿಸುತ್ತಾನೆ. ಅಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿ ಪ್ರತಿಧ್ವನಿ ಕೇಳುತ್ತಿರುತ್ತಾರೆ.

ಮೊದಲ ಸಲ ಅವನಿಂದ ಅಲ್ಲೇ ಎರಡು ಪುಟ ಭಾಷಣ ಮಾಡಿಸಿದ್ದೆ. ಕೆಳಗೆ ಗೋರಿಯಲ್ಲಿ ಮಲಗಿರುವ ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ದೊಡ್ಡ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದ ಹಬಶಿ. ಅದನ್ನೂ ಅವನ ಬಾಯಲ್ಲೇ ಹೇಳಿಸಿದ್ದೆ. ಪಾತ್ರಕ್ಕೆ ನಮ್ಮದೇ ಬೆಳ್ಳಗಿನ ಹುಡುಗ. ಮೇಕಪ್‌ನವರು ಅವನಿಗೆ ಕಪ್ಪು ಬಳಿದರು. ಹಾಲ್, ಲೈಟು, ಮೇಕಪ್, ಊಟ ಎಲ್ಲಾ ಸೇರಿ ಸುಮಾರು 38 ಸಾವಿರ ಹೋಯಿತು. ಟಿಕೆಟ್‌ನಿಂದ ಬಂದದ್ದು 9 ಸಾವಿರ. ಕೈಬಿಟ್ಟು ಹೋದ ದುಡ್ಡಿನಲ್ಲಿ ಹೆಂಡತಿಯ ಚೀಟಿ ಹಣವೂ ಇತ್ತು.

ದುಡ್ಡಿಗಿಂತ ದೊಡ್ಡ ಪೆಟ್ಟು ಇನ್ನೊಂದು. ನೋಡಲು ಬಂದಿದ್ದ ಸಿದ್ದಿ ವಿದ್ಯಾರ್ಥಿಯೊಬ್ಬ ಅರ್ಧಕ್ಕೇ ಎದ್ದು ಹೋದ. ಹಿಂದೆ ಓಡಿದೆ. "ಸರ್, ನಮ್ಮ ಬಣ್ಣ ನೀವು ಡಬ್ಬಿಯಿಂದ ತಗದ್ರಿ. ನಾ ಹೆಂಗ ಕುಂದರ್ಲಿ?" ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ತಿಂಗಳು ಅವನ ಹಿಂದೆ ಬಿದ್ದೆ. ಕೊನೆಗೆ ಆ ಪಾತ್ರ ಮಾಡಿದವನು ಅವನೇ.

ಸಂಭಾಷಣೆ ಎಲ್ಲಾ ಹರಿದು ಹಾಕಿ ಕಿರಾಣಿ ಅಂಗಡಿಯ ಉದ್ದನೆಯ ಖಾತೆ ಪುಸ್ತಕ ತಂದೆ. ಮೂರು ಕಾಲಂ ಎಳೆದೆ. ಏನಾಯಿತು. ಆಗ ಮೈ ಏನು ಮಾಡಿತು. ಆ ಸಿಟ್ಟು ಎಷ್ಟು ದಿನ ಬಿಟ್ಟು ಯಾರ ಮೇಲೆ ಬಂತು. ತಂಡದವರು "ಇದೇನ್ ನಾಟಕಾನೋ, ಲೆಕ್ಕಾನೋ" ಅಂದರು. ಸುಮಾರು 70 ಪುಟ ತುಂಬಿಸಿದೆ.

ಹೊಸ ನಾಟಕದ ಹುಡುಗ ಅಂಗಡಿಗೆ ಹೋದರೆ ಮೊದಲೇ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಾನೆ, ಯಾವ ದೇಶ ಅಂತ ಯಾರೂ ಕೇಳಬಾರದು ಅಂತ. ಆಧಾರ್ ಕಾರ್ಡು ಅಂಗಿಯ ಎದೆ ಜೇಬಿನಲ್ಲೇ. ಪೊಲೀಸ್ ಜೀಪು ಕಂಡರೆ ನಡಿಗೆ ನಿಧಾನ. ಜಗಳಕ್ಕಂತೂ ಹೋಗುವುದೇ ಇಲ್ಲ. ಅದಕ್ಕೊಂದು ಗಟ್ಟಿ ಕಾರಣ ಕೊಟ್ಟೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಎಸ್‌ಟಿ ಪಟ್ಟಿ ಸೇರಿದರು, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಅಣ್ಣನಿಗೆ ಸಿಗದ ಹಾಸ್ಟೆಲ್ ಇವನಿಗೆ ಸಿಕ್ಕಿದೆ. ಗಲಾಟೆ ಆದರೆ ಅದು ಹೋಗುತ್ತದೆ ಅನ್ನೋ ಭಯ ಅವನ ಹೊಟ್ಟೆಯಲ್ಲಿ ಸದಾ ಇದೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಪಾತ್ರ ಮಾಡುವ ಆ ಸಿದ್ದಿ ವಿದ್ಯಾರ್ಥಿಯ ಜೊತೆ ಬಾಗಲಕೋಟೆ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕೂತು ಎಣಿಸಿದೆ. ನಾಲ್ಕು ಸಲ ಹೋದೆವು. ಮೂರು ಸಲ ಅವನ ಪಕ್ಕದ ಸೀಟೇ ಕೊನೆಗೆ ತುಂಬಿದ್ದು. ಅವನು ಕಿಟಕಿಗೆ ಒರಗಿ ಮಲಗಿದ್ದ. ನಿದ್ದೆ ಬಂತಾ ಅಂತ ಕೇಳಿದೆ. "ಇಲ್ರಿ. ಕಣ್ಣು ಮುಚ್ಚಿದ್ರ ಬಾಜೂಕ ಯಾರು ಕುಂದರಲಿಲ್ಲ ಅನ್ನೋದು ಕಾಣಂಗಿಲ್ಲಲ್ರಿ" ಅಂದ. ಅದು ಹಾಗೇ ನಾಟಕಕ್ಕೆ ಬಂತು. ಸಿದ್ದಿಗಳ ಡಮಾಮಿ ವಾದ್ಯ ಬಾರಿಸಿಯೂ ನೋಡಿದೆವು. ಸುಮ್ನೆ ಅಲಂಕಾರ ಅನ್ನಿಸಿತು, ತೆಗೆದೆ.

ಈಗ ಗ್ಯಾಲರಿಯಲ್ಲಿ ಎಲ್ಲರೂ ಕೂಗುತ್ತಾರೆ. ಅವನು ಬಾಯಿಗೆ ಅಂಗೈ ಒತ್ತಿ ನಿಲ್ಲುತ್ತಾನೆ. ಅಷ್ಟೇ. ಸ್ಪೀಕರ್ ಇಲ್ಲದೆ ಪ್ರತಿಧ್ವನಿ ಬರಿಸಿದ್ದು ಹೇಗೆ ಅಂತ ಬಹಳ ಜನ ಕೇಳಿದರು, ಅದು ನಮ್ಮ ತಂಡದಲ್ಲೇ ಇರಲಿ. ಸಿಟ್ಟು ಹೊರಗೆ ಬರುವುದು ಮೂರು ದಿನ ಬಿಟ್ಟು, ಮನೆಯಲ್ಲಿ. ಪುಟ್ಟ ತಮ್ಮ ಕನ್ನಡಿ ಮುಂದೆ ಎಣ್ಣೆ ಹಚ್ಚಿ ಹಚ್ಚಿ ತನ್ನ ಗುಂಗುರು ಕೂದಲನ್ನು ಚಪ್ಪಟೆ ಮಾಡುತ್ತಿರುತ್ತಾನೆ. ಇವನು ಅವನನ್ನು ಹೊಡೆಯುತ್ತಾನೆ. ಜೋರಾಗಿ.

ಈ ಸಲ ಖರ್ಚು ಒಂದು ಪ್ರದರ್ಶನಕ್ಕೆ 11-12 ಸಾವಿರ. ಒಂದು ಬೆಂಚು, ಒಂದು ಟ್ರಂಕು, ಒಂದು ಕೌದಿ. ವಿಜಯಪುರದಲ್ಲಿ ಜನ ಕೊಟ್ಟದ್ದರಲ್ಲೇ ಖರ್ಚು ಕಳೆದು ಎರಡು ಸಾವಿರ ಉಳಿಯಿತು.

ಎರಡನೆಯದು ಖಾನಾಪುರದಲ್ಲಿ. ಮುಗಿದ ಮೇಲೆ ವಯಸ್ಸಾದ ಸಿದ್ದಿ ಅಜ್ಜಿ ಒಬ್ಬರು ವೇದಿಕೆ ಹತ್ತಿರ ಬಂದರು. "ಹೊಡದ ಮ್ಯಾಲ ಅವ ಸುಮ್ನ ನಿಂದರಂಗಿಲ್ಲಪ್ಪಾ. ಹುಡುಗ ಮಲಗಿದ ಮ್ಯಾಲ ಹೋಗಿ ಕೌದಿ ಹೊಚ್ಚತಾನ" ಅಂದರು. ಬಾಗಲಕೋಟೆಯ ಪ್ರದರ್ಶನದಲ್ಲಿ ಹೊಚ್ಚಿಸಿದೆವು.