ಪಿಎಚ್‌ಪಿ: ಲೂಪಿನೊಳಗಿಂದಲೇ ಅರೇಯನ್ನು ತಿದ್ದುವುದು ಹೇಗೆ?

ತರಕಾರಿ ಅಂಗಡಿಯೊಂದರ ದರಪಟ್ಟಿ $ದರಗಳು ಎಂಬ ಅರೇಯಲ್ಲಿ (ಹಲವು ಮೌಲ್ಯಗಳನ್ನು ಒಂದೇ ಹೆಸರಿನಡಿ, ಒಂದೊಂದು ಮನೆಯಲ್ಲಿ ಇಡುವ ಪಟ್ಟಿಯಲ್ಲಿ) ಇದೆ ಎಂದುಕೊಳ್ಳೋಣ: ಟೊಮೆಟೊ 40, ಬೀನ್ಸ್ 60, ಬದನೆ 30 ರೂಪಾಯಿ. (ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಪಿಎಚ್‌ಪಿ ವೇರಿಯಬಲ್‌ಗಳಿಗೆ ಹೀಗೆ ಕನ್ನಡದ ಹೆಸರನ್ನೇ ಇಡಬಹುದು.) ಪ್ರತಿ ಬೆಲೆಗೂ 5 ರೂಪಾಯಿ ಸೇರಿಸಬೇಕಾಗಿದೆ.

ಫಾರ್‌ಈಚ್ ಲೂಪ್ (ಅರೇಯ ಮನೆಗಳನ್ನು ಒಂದೊಂದಾಗಿ ಸುತ್ತುವ ಲೂಪ್) ಬರೆದು, ಪ್ರತಿ ಸುತ್ತಿನಲ್ಲಿ ಸಿಗುವ ಬೆಲೆಯನ್ನು $ದರ ಎಂದು ಕರೆದು, ಒಳಗೆ ಹೀಗೆ ಬರೆಯುವುದು ಮೊದಲು ಹೊಳೆಯುವ ದಾರಿ:

$ದರ = $ದರ + 5;

ಲೂಪ್ ಮುಗಿದ ಮೇಲೆ ಮುದ್ರಿಸಿ ನೋಡಿದರೆ ಅದೇ 40, 60, 30. $ದರಕ್ಕೆ ಬರುವುದು ಬೆಲೆಯ ನಕಲು ಮಾತ್ರವಾದ್ದರಿಂದ, ನಕಲನ್ನು ಎಷ್ಟು ತಿದ್ದಿದರೂ ಮೂಲ ಅಲುಗುವುದಿಲ್ಲ.

ಲೂಪಿನ ತಲೆಸಾಲಿನಲ್ಲಿ $ದರದ ಎಡಕ್ಕೆ & ಚಿಹ್ನೆ ಹಾಕಿದರೆ ಅದು ನಕಲಾಗದೆ ಮೂಲಕ್ಕೇ ಇಟ್ಟ ಇನ್ನೊಂದು ಹೆಸರಾಗುತ್ತದೆ. ಈಗ 45, 65, 35 ಸಿಗುತ್ತದೆ. ಬಹುತೇಕರು ಇಲ್ಲಿಗೆ ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ನಾನೂ ಹಾಗೆ ಎದ್ದು, ಮರುದಿನ ಇಡೀ ಸಂಜೆಯನ್ನು ಕಳೆದುಕೊಂಡಿದ್ದೇನೆ. ಏಕೆಂದರೆ ಲೂಪ್ ಮುಗಿದರೂ $ದರ ಕೊನೆಯ ಮನೆಗೆ, ಅಂದರೆ ಬದನೆಯ ಬೆಲೆಗೆ, ಅಂಟಿಕೊಂಡೇ ಇರುತ್ತದೆ. ಪಟ್ಟಿಯನ್ನು ತೋರಿಸಲೆಂದು ಅದೇ $ದರ ಹೆಸರಿನಲ್ಲಿ, & ಇಲ್ಲದೆ, ಇನ್ನೊಂದು ಲೂಪ್ ಓಡಿಸಿದಿರೆನ್ನಿ. ಮೊದಲ ಸುತ್ತಿನಲ್ಲಿ $ದರಕ್ಕೆ 45 ಬಂದಾಗ ಬದನೆಯೂ 45 ಆಗುತ್ತದೆ. ಎರಡನೆಯ ಸುತ್ತಿನಲ್ಲಿ 65 ಆಗುತ್ತದೆ. ಮೂರನೆಯ ಸುತ್ತಿನಲ್ಲಿ ಅದು ತನ್ನನ್ನೇ ತನಗೆ ತುಂಬಿಕೊಂಡು 65 ಆಗಿಯೇ ಉಳಿಯುತ್ತದೆ. ತೆರೆಯ ಮೇಲೆ 45, 65, 65 ಕಾಣುತ್ತದೆ, ದೋಷದ ಸಂದೇಶ ಮಾತ್ರ ಎಲ್ಲಿಯೂ ಇರುವುದಿಲ್ಲ. ಆದ್ದರಿಂದ & ಬಳಸಿದ ಲೂಪಿನ ಮುಚ್ಚುವ ಆವರಣದ ಮರುಸಾಲಿನಲ್ಲೇ $ದರವನ್ನು ಅನ್‌ಸೆಟ್ ಮಾಡಬೇಕು. ಅನ್‌ಸೆಟ್ ಅಳಿಸುವುದು ಆ ಹೆಸರಿನ ನಂಟನ್ನೇ ಹೊರತು ಬದನೆಯ ಬೆಲೆಯನ್ನಲ್ಲ.

ಆ ಸಾಲನ್ನು ಮರೆಯುವ ಭಯವಿದ್ದರೆ ಬೆಲೆಯ ಜೊತೆಗೆ ಅದರ ಕೀಯನ್ನೂ (ಅರೇಯಲ್ಲಿ ಆ ಮನೆಯನ್ನು ಗುರುತಿಸುವ ಹೆಸರು ಅಥವಾ ಸಂಖ್ಯೆಯನ್ನೂ) $ಕ್ರಮ ಎಂದು ಪಡೆದು, ನೇರವಾಗಿ ಮೂಲ ಅರೇಗೇ ಬರೆಯಬಹುದು:

$ದರಗಳು[$ಕ್ರಮ] = $ದರ + 5;

ನನ್ನ ಮಟ್ಟಿಗೆ ಇದೇ ಮೇಲು. ನಾಲ್ಕಕ್ಷರ ಹೆಚ್ಚಾದರೂ ಯಾವ ಮನೆ ಬದಲಾಗುತ್ತಿದೆಯೆಂದು ಓದುವವರಿಗೆ ಕಣ್ಣೆದುರೇ ಕಾಣುತ್ತದೆ. ಇದರಲ್ಲಿ ಲೂಪ್ ಸುತ್ತುವುದು ಆರಂಭದಲ್ಲಿದ್ದ ಪಟ್ಟಿಯ ಮೇಲಾದ್ದರಿಂದ, ನಡುವೆ ಹೊಸ ತರಕಾರಿ ಸೇರಿಸಿದರೂ ಸುತ್ತುಗಳು ಮೂರೇ; & ಬಳಸಿದ ಲೂಪಿನಲ್ಲಾದರೆ, ಪಿಎಚ್‌ಪಿ 7ರಿಂದೀಚೆಗೆ, ಹಾಗೆ ಸೇರಿಸಿದ್ದಕ್ಕೂ ಸರದಿ ಬರುತ್ತದೆ, ಪ್ರತಿ ಸುತ್ತಿನಲ್ಲೂ ಒಂದೊಂದು ಸೇರಿಸುತ್ತ ಹೋದರೆ ಲೂಪ್ ಮುಗಿಯುವುದೇ ಇಲ್ಲ.