ಹೀಲ್ ಇರುವ ಚರ್ಮದ ಬೂಟು: ನೋಟಕ್ಕೂ ಒಪ್ಪಬೇಕು, ಕಾಲಿಗೂ ಒಗ್ಗಬೇಕು

ಕಣಕಾಲಿನವರೆಗೆ ಬರುವ ಹೀಲ್ ಬೂಟನ್ನು ಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಒಳಗೆ ಕೈ ಹಾಕಿ ಮೆತ್ತೆಯನ್ನು ಒತ್ತಿ ನೋಡುವುದು. ಬೆರಳು ಮೆತ್ತಗೆ ಹೂತುಕೊಂಡರೆ ಬೂಟು ಹಿತವಾಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ನಾನೂ ಒಮ್ಮೆ ಹೀಗೆಯೇ ತೀರ್ಮಾನಿಸಿ ಒಂದು ಜೊತೆ ಕೊಂಡಿದ್ದೆ. ಕೆಲವೇ ವಾರಗಳಲ್ಲಿ ಆ ಮೆತ್ತೆ ಹಪ್ಪಳದಂತೆ ಚಪ್ಪಟೆಯಾಯಿತು, ಹೆಬ್ಬೆರಳಿನ ಬುಡದಲ್ಲಿ ಉರಿ ಮಾತ್ರ ಉಳಿಯಿತು. ಆಮೇಲೆ ಬೂಟನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದಾಗ ಕಾರಣ ತಿಳಿಯಿತು: ಹೀಲ್ ನನ್ನ ಹಿಮ್ಮಡಿಯ ನೇರಕ್ಕೆ ಇರಲೇ ಇಲ್ಲ, ಅದಕ್ಕಿಂತ ಹಿಂದಕ್ಕೆ ಸರಿದಿತ್ತು. ಹೀಲ್ ಇರುವ ಬೂಟಿನಲ್ಲಿ ಹಿತವನ್ನು ನಿರ್ಧರಿಸುವುದು ಮೈಯ ಭಾರ ಎಲ್ಲಿ ಇಳಿಯುತ್ತದೆ ಎಂಬುದೇ ಹೊರತು ಮೆತ್ತೆಯ ದಪ್ಪವಲ್ಲ. ಆಯ್ಕೆಯ ಪ್ರತಿಯೊಂದು ಹಂತದಲ್ಲೂ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತಾ ಹೋದರೆ ಅರ್ಧ ಕೆಲಸ ಮುಗಿದಂತೆ.

ಎತ್ತರದಿಂದಲೇ ಆರಂಭಿಸೋಣ. ಬರಿಗಾಲಿನಲ್ಲಿ ನೆಟ್ಟಗೆ ನಿಂತಾಗ ಭಾರದ ಹೆಚ್ಚಿನ ಪಾಲನ್ನು ಹಿಮ್ಮಡಿಯೇ ಹೊರುತ್ತದೆ. ಹೀಲ್ ಏರುತ್ತಾ ಹೋದಂತೆ ಆ ಭಾರ ಬೆರಳುಗಳ ಬುಡದ ಉಬ್ಬಿನ ಕಡೆಗೆ ಜಾರುತ್ತದೆ, ಜೊತೆಗೆ ಮೀನಖಂಡದ ಸ್ನಾಯು ಮೊಟಕಾದ ಸ್ಥಿತಿಯಲ್ಲೇ ದಿನವಿಡೀ ದುಡಿಯಬೇಕಾಗುತ್ತದೆ. ದಿನವೂ ತೊಡುವ ಬೂಟಿಗೆ 2.5ರಿಂದ 5 ಸೆಂಟಿಮೀಟರ್ ಎತ್ತರ ಸಾಕು ಎಂಬುದು ನನ್ನ ಅಭಿಪ್ರಾಯ, 7.5 ಸೆಂಟಿಮೀಟರ್ ದಾಟಿದ ಬೂಟುಗಳನ್ನು ಹೆಚ್ಚು ನಡೆಯಬೇಕಿಲ್ಲದ ಸಂದರ್ಭಗಳಿಗೆ ಇಟ್ಟುಕೊಳ್ಳುವುದು ಲೇಸು. ಆದರೆ ಎತ್ತರವನ್ನು ಹಿಂಬದಿಯಲ್ಲಿ ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ. ಹೀಲ್ 7 ಸೆಂಟಿಮೀಟರ್ ಇದ್ದು ಮುಂಭಾಗದ ಅಟ್ಟೆಯೇ 2 ಸೆಂಟಿಮೀಟರ್ ದಪ್ಪವಿದ್ದರೆ ಪಾದಕ್ಕೆ ತಗಲುವ ಏರಿಕೆ 5 ಸೆಂಟಿಮೀಟರ್ ಮಾತ್ರ. ಹೀಗಾಗಿ ದಪ್ಪ ಅಟ್ಟೆಯ ಎತ್ತರದ ಬೂಟು, ತೆಳು ಅಟ್ಟೆಯ ಗಿಡ್ಡ ಬೂಟಿನಷ್ಟೇ ಹಿತವಾಗಿರುವುದುಂಟು. ಒಂದೇ ತೊಂದರೆಯೆಂದರೆ, ದಪ್ಪ ಅಟ್ಟೆ ಸುಲಭವಾಗಿ ಬಾಗುವುದಿಲ್ಲ, ನೆಲದ ಏರುತಗ್ಗುಗಳನ್ನು ಪಾದಕ್ಕೆ ತಿಳಿಸುವುದೂ ಇಲ್ಲ. ಕಾಲು ಉಳುಕುವ ಭಯ ಅಲ್ಲಿ ಹೆಚ್ಚು.

ಎತ್ತರ ನಿರ್ಧಾರವಾದ ಮೇಲೆ ಹೀಲಿನ ಆಕಾರ ಮತ್ತು ಸ್ಥಾನವನ್ನು ಪರೀಕ್ಷಿಸಬೇಕು, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಬೂಟನ್ನು ಸಮತಟ್ಟಾದ ಜಾಗದಲ್ಲಿಟ್ಟು ಕಣ್ಣನ್ನು ಅದೇ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಹಿಮ್ಮಡಿಯ ಮೂಳೆ ಕೂರುವ ಜಾಗದ ನಡುವಿನಿಂದ ತೂಗುಗುಂಡೊಂದನ್ನು ಇಳಿಬಿಟ್ಟರೆ ಅದು ಹೀಲಿನ ತಳದ ಒಳಗೇ ಬೀಳುವಂತಿರಬೇಕು. ಹೀಲ್ ತೀರ ಹಿಂದಕ್ಕೆ ಚಾಚಿದ್ದರೆ ಭಾರ ಆಧಾರವಿಲ್ಲದ ನಡುಭಾಗದ ಮೇಲೆ ಬೀಳುತ್ತದೆ. ನಂತರ ಹಿಂದಿನಿಂದ ನೋಡಿ: ಎರಡೂ ಹೀಲ್‌ಗಳು ಕಂಬದಂತೆ ನೇರವಾಗಿ ನಿಂತಿರಬೇಕು, ಒಂದು ಒಳಕ್ಕೋ ಹೊರಕ್ಕೋ ವಾಲಿದ್ದರೆ ಆ ಜೊತೆಯನ್ನು ಅಲ್ಲಿಗೇ ಬಿಡಿ. ಕೊನೆಗೆ ಬೂಟಿನ ಮೇಲ್ತುದಿಯನ್ನು ಒಂದು ಬೆರಳಿನಿಂದ ಮೆಲ್ಲನೆ ತಳ್ಳಿ. ಅದು ತುಸು ಅಲುಗಿ ಹಾಗೆಯೇ ನಿಂತರೆ ಸರಿ, ಕುಂಟು ಕಾಲಿನ ಸ್ಟೂಲಿನಂತೆ ಕಟಕಟ ಎಂದರೆ ಮೈಭಾರ ಬಿದ್ದಾಗ ಇನ್ನಷ್ಟು ಆಡುತ್ತದೆ. ಆಕಾರದ ವಿಷಯದಲ್ಲಿ ಅಗಲವಾದ ಬ್ಲಾಕ್ ಹೀಲ್ ಮತ್ತು ಹಿಂಬದಿ ಕೆಳಗಿಳಿದಂತೆ ಓರೆಯಾಗಿ ಕಿರಿದಾಗುವ ಕ್ಯೂಬನ್ ಹೀಲ್ ಎರಡೂ ನಂಬಿಕೆಗೆ ಅರ್ಹ. ಗಿಡ್ಡವಾಗಿರುವ ಕಾರಣಕ್ಕೆ ಕಿಟನ್ ಹೀಲ್ ಎಂಬ ಸಣ್ಣ, ತೆಳು ಹೀಲ್ ಸುರಕ್ಷಿತ ಎಂದು ಭಾವಿಸುವವರಿದ್ದಾರೆ, ಆದರೆ ಅದರ ತಳ ನಾಣ್ಯಕ್ಕಿಂತ ಕಿರಿದಾಗಿದ್ದರೆ ಗಿಡ್ಡವಾಗಿದ್ದೂ ಪ್ರಯೋಜನವಿಲ್ಲ.

ಹೊರಗಿನಿಂದ ಕಾಣದ ಎರಡು ಭಾಗಗಳನ್ನು ಕೈಯಿಂದಲೇ ಪರೀಕ್ಷಿಸಬಹುದು. ಹೀಲಿಗೂ ಬೆರಳಬುಡಕ್ಕೂ ನಡುವೆ ಸೇತುವೆಯಂತೆ ಇರುವ ಗಟ್ಟಿ ಪಟ್ಟಿಗೆ ಶ್ಯಾಂಕ್ ಎಂದು ಹೆಸರು; ಸಾಮಾನ್ಯವಾಗಿ ಅದು ಉಕ್ಕಿನದು ಅಥವಾ ಫೈಬರಿನದು. ಬೂಟಿನ ಮೂತಿ ಮತ್ತು ಹಿಂಬದಿಯನ್ನು ಹಿಡಿದು ಬಾಗಿಸಿದಾಗ ಅದು ಬೆರಳುಗಳು ಮಡಚುವ ಜಾಗದಲ್ಲೇ ಬಾಗಬೇಕು. ನಡುವಿನಲ್ಲೇ ಮಡಚಿಕೊಂಡರೆ ಶ್ಯಾಂಕ್ ದುರ್ಬಲವಾಗಿದೆ ಅಥವಾ ಇಲ್ಲವೇ ಇಲ್ಲ ಎಂದರ್ಥ, ಅಂಗಾಲಿನ ಕಮಾನು ಸಂಜೆಯ ಹೊತ್ತಿಗೆ ಅದರ ಬೆಲೆ ತೆರುತ್ತದೆ. ಎರಡನೆಯದು ಹಿಮ್ಮಡಿಯನ್ನು ಅಪ್ಪಿ ಹಿಡಿಯುವ ಹಿಂಗೋಡೆ. ಎರಡು ಬೆರಳುಗಳಿಂದ ಅದನ್ನು ಹಿಂಡಿದಾಗ ಸುಲಭವಾಗಿ ಕುಸಿಯಬಾರದು.

ಇನ್ನು ಅಳತೆ. ದಿನ ಕಳೆದಂತೆ ಪಾದ ಸ್ವಲ್ಪ ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆಯ ಹೊತ್ತಿಗೆ, ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಎರಡೂ ಪಾದಗಳ ಗೆರೆ ಎಳೆಸಿಕೊಳ್ಳಿ. ಎರಡು ಪಾದಗಳು ಸಮವಾಗಿರುವುದು ಅಪರೂಪ, ದೊಡ್ಡ ಪಾದಕ್ಕೆ ಹೊಂದುವ ಬೂಟನ್ನೇ ಆರಿಸಬೇಕು. ಹತ್ತು ವರ್ಷಗಳ ಹಿಂದಿನ ನಂಬರನ್ನೇ ನಂಬಬೇಡಿ, ವಯಸ್ಸಿನೊಂದಿಗೆ ಮತ್ತು ಬಸಿರು ಬಾಣಂತನಗಳ ನಂತರ ಪಾದದ ಉದ್ದಗಲ ಹೆಚ್ಚುವುದುಂಟು. ಉದ್ದ ಮತ್ತು ಅಗಲದ ಜೊತೆ ಇನ್ನೊಂದು ಅಳತೆಯನ್ನೂ ಗಮನಿಸಬೇಕು, ಅದು ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗೆಣ್ಣಿನವರೆಗಿನ ದೂರ. 1920ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾನಕ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಲೋಹದ ಅಳತೆಹಲಗೆ ಈ ಮೂರನ್ನೂ ಅಳೆಯುತ್ತದೆ. ಉದ್ದ ಒಂದೇ ಆಗಿದ್ದರೂ ಒಬ್ಬರ ಬೆರಳುಗಳು ನೀಳವಾಗಿಯೂ ಇನ್ನೊಬ್ಬರವು ಮೋಟಾಗಿಯೂ ಇರುವುದರಿಂದ, ಬೂಟು ಬಾಗುವ ಜಾಗ ಇಬ್ಬರಿಗೂ ಒಂದೇ ಕಡೆ ಕೂಡಿಬರುವುದಿಲ್ಲ. ಫ್ಲಾಟ್ ಚಪ್ಪಲಿಯಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಹೀಲ್ ಇರುವ ಬೂಟಿನಲ್ಲಿ ಇಳಿಜಾರು ಮುಗಿಯುವ ಜಾಗವೂ ಬೆರಳಬುಡವೂ ಕೂಡದಿದ್ದರೆ ಪಾದ ಮುಂದಕ್ಕೆ ಜಾರುತ್ತಲೇ ಇರುತ್ತದೆ.

ನಂಬರುಗಳ ಗೊಂದಲಕ್ಕೂ ಕಾರಣವಿದೆ. ಬ್ರಿಟಿಷ್ ಪದ್ಧತಿಯಲ್ಲಿ ಒಂದು ನಂಬರಿನಿಂದ ಮುಂದಿನದಕ್ಕೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಯುರೋಪಿನ ಪದ್ಧತಿಯಲ್ಲಿ ಆ ಅಂತರ ಸುಮಾರು 6.7 ಮಿಲಿಮೀಟರ್. ಎರಡು ಅಳತೆಗೋಲುಗಳ ಗೆರೆಗಳು ಒಂದರ ಮೇಲೊಂದು ಕೂಡದ ಕಾರಣ ಪರಿವರ್ತನೆಯ ಪಟ್ಟಿಗಳು ಅಂದಾಜು ಮಾತ್ರ. ಪರದೆಯ ಮೇಲೆ ನೋಡಿ ಕೊಳ್ಳುವವರು ತಯಾರಕರು ಮಿಲಿಮೀಟರಿನಲ್ಲಿ ಕೊಟ್ಟಿರುವ ಪಾದದ ಉದ್ದವನ್ನು ತಮ್ಮ ಕಾಗದದ ಗೆರೆಯೊಂದಿಗೆ ಹೋಲಿಸುವುದು ಒಳ್ಳೆಯದು. ಬೂಟನ್ನು ಹಿಂದಿನಿಂದ ತೆಗೆದ ಚಿತ್ರವೇ ಇಲ್ಲದಿದ್ದರೆ ಮತ್ತು ಹಿಂದಿರುಗಿಸುವ ಅವಕಾಶವಿಲ್ಲದಿದ್ದರೆ ನಾನಂತೂ ಮುಂದುವರಿಯುವುದಿಲ್ಲ.

ತೊಟ್ಟು ನೋಡುವಾಗ, ಮುಂದೆ ನಿಜವಾಗಿ ಬಳಸಲಿರುವ ಕಾಲುಚೀಲವನ್ನೇ ಹಾಕಿಕೊಂಡಿರಬೇಕು. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಖಾಲಿ ಇರಲಿ. ಅನೇಕರಿಗೆ ಆ ಬೆರಳು ಹೆಬ್ಬೆರಳಾಗಿರದೆ ಅದರ ಪಕ್ಕದ್ದಾಗಿರುತ್ತದೆ. ಚೂಪು ಮೂತಿಯನ್ನು ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. ಬೆರಳುಗಳು ಮುಗಿದ ಮೇಲೆ ಚೂಪಾಗುವ ಬೂಟು ಬೆರಳುಗಳನ್ನು ಹಿಂಡುವುದಿಲ್ಲ, ಬೆರಳುಗಳ ಮೇಲೆಯೇ ಚೂಪಾಗುವ ಬೂಟು ಖಂಡಿತ ಹಿಂಡುತ್ತದೆ. ಬೂಟನ್ನು ನಿಮ್ಮ ಪಾದದ ಗೆರೆಯ ಮೇಲಿಟ್ಟಾಗ ಕಿರುಬೆರಳಿನ ಗೆರೆ ತಳದಿಂದ ಹೊರಗೆ ಇಣುಕಿದರೆ ಉತ್ತರ ಅಲ್ಲೇ ಸಿಕ್ಕಿತು. ಬಾದಾಮಿಯಾಕಾರದ ಮೂತಿ ಹೆಚ್ಚಿನ ಪಾದಗಳಿಗೆ ಹೊಂದುತ್ತದೆ, ನೋಟಕ್ಕೂ ಮೊದ್ದಾಗಿರುವುದಿಲ್ಲ. ಮೆತ್ತನೆಯ ಹಾಸಿನ ಮೇಲೆ ನಡೆದು ತೃಪ್ತರಾಗದೆ ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ಓಡಾಡಿ, ಸಾಧ್ಯವಾದರೆ ಒಂದು ಇಳಿಜಾರನ್ನೂ ಇಳಿಯಿರಿ. ಇಳಿಯುವಾಗ ಬೆರಳುಗಳು ಮೂತಿಗೆ ಗುದ್ದಿದರೆ ಬೂಟು ಪಾದದ ಮೇಲ್ಭಾಗವನ್ನು ಸರಿಯಾಗಿ ಹಿಡಿದಿಲ್ಲ. ತೆರೆದ ಹೀಲ್ ಶೂಗಿಂತ ಕಣಕಾಲಿನ ಬೂಟು ಹಿತವಾಗಿರುವುದೇ ಈ ಹಿಡಿತದಿಂದ, ಅದು ಇಲ್ಲದಿದ್ದರೆ ಬೂಟು ಕೊಂಡ ಉದ್ದೇಶವೇ ಈಡೇರುವುದಿಲ್ಲ.

ಆ ಹಿಡಿತ ಜಿಪ್, ಲೇಸ್ ಅಥವಾ ಎಲಾಸ್ಟಿಕ್‌ನಿಂದ ಬರುತ್ತದೆ. ಲಂಡನ್ನಿನ ಬೂಟು ತಯಾರಕ ಸ್ಪಾರ್ಕ್ಸ್ ಹಾಲ್ 1851ರಲ್ಲಿ ಪೇಟೆಂಟ್ ಪಡೆದ, ಪಕ್ಕಗಳಲ್ಲಿ ಹಿಗ್ಗುವ ಪಟ್ಟಿ ಇರುವ ಬೂಟೇ ಇಂದಿನ ಚೆಲ್ಸಿ ಬೂಟಿನ ಮೂಲ. ತೊಡಲು ಅದು ಸಲೀಸು, ಆದರೆ ಪಾದದ ಮೇಲ್ಭಾಗ ಎತ್ತರವಾಗಿರುವವರಿಗೆ ಬಿಗಿಯಾಗುತ್ತದೆ, ಬಿಗಿತವನ್ನು ಬೇಕಾದಂತೆ ಹೊಂದಿಸಲೂ ಬರುವುದಿಲ್ಲ. ಹೊಂದಾಣಿಕೆಗೆ ಲೇಸ್ ಉತ್ತಮ. ಲೇಸಿನ ಜೊತೆ ಒಳಬದಿಯಲ್ಲಿ ಜಿಪ್ ಇದ್ದರೆ ಇನ್ನೂ ಅನುಕೂಲ. ಜಿಪ್ಪಿನ ಹಿಂದೆ ಚರ್ಮದ ತೆಳು ಪಟ್ಟಿ ಇದೆಯೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಅದರ ಹಲ್ಲುಗಳು ಕಾಲುಚೀಲವನ್ನು ಕಚ್ಚುತ್ತವೆ. ಬೂಟಿನ ಮೇಲಂಚು ಕಣಕಾಲಿನ ಮೂಳೆಯ ಮೇಲೆಯೇ ಕೂರಬಾರದು, ಒಂದೋ ಸ್ಪಷ್ಟವಾಗಿ ಮೇಲಿರಬೇಕು, ಇಲ್ಲವೇ ಕೆಳಗಿರಬೇಕು.

ಚರ್ಮದ ಗುಣಮಟ್ಟವನ್ನು ತಿಳಿಯಲು ಕತ್ತರಿಸಿದ ಅಂಚನ್ನು ನೋಡಬೇಕು. ನಿಜವಾದ ಚರ್ಮದ ಅಂಚಿನಲ್ಲಿ ನಾರು ನಾರಾದ ಎಳೆಗಳು ಕಾಣುತ್ತವೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಹೊದಿಸಿದ್ದರೆ ಎರಡು ಪದರಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೇಲ್ಮೈಯನ್ನು ಬೆರಳಿನಿಂದ ಒತ್ತಿದಾಗ ಸುತ್ತಲೂ ಸಣ್ಣ ನೆರಿಗೆಗಳು ಮೂಡಿ ಬೆರಳೆತ್ತಿದೊಡನೆ ಮಾಯವಾದರೆ ಅದು ಒಳ್ಳೆಯ ಲಕ್ಷಣ. ಮೇಲ್ಪದರವನ್ನು ಉಜ್ಜದೆ ಉಳಿಸಿಕೊಂಡ ಫುಲ್ ಗ್ರೇನ್ ಚರ್ಮ ಬೆವರನ್ನು ಆರಗೊಡುತ್ತದೆ, ಕ್ರಮೇಣ ಪಾದದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಚೂರುಪಾರುಗಳನ್ನು ಪುಡಿಮಾಡಿ ಅಂಟಿನಿಂದ ಹಾಳೆಯಾಗಿಸಿದ ಬಾಂಡೆಡ್ ಲೆದರ್‌ಗೂ 'ಲೆದರ್' ಎಂಬ ಹೆಸರೇ ಇದೆ, ಅದು ಬೇಗ ಬಿರಿಯುತ್ತದೆ. ಮಖಮಲ್ಲಿನಂಥ ಮೇಲ್ಮೈಯ ಸ್ವೇಡ್ ಚರ್ಮ ಮೊದಲ ದಿನದಿಂದಲೇ ಮೃದು, ಆದರೆ ನೀರಿನ ಕಲೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಳಪಿನ ಪೇಟೆಂಟ್ ಲೆದರ್ ಹೆಚ್ಚು ಹಿಗ್ಗುವುದಿಲ್ಲವಾದ್ದರಿಂದ ಅದು ಮೊದಲೇ ಸಡಿಲವಾಗಿರಬೇಕು. ಹೊರಗೆ ಉತ್ತಮ ಚರ್ಮವಿದ್ದು ಒಳಪದರ ಸಿಂಥೆಟಿಕ್ ಆಗಿದ್ದರೆ ಕಾಲು ಬೆವೆಯುವುದು ತಪ್ಪುವುದಿಲ್ಲ. 'ತೊಡುತ್ತಾ ತೊಡುತ್ತಾ ಸಡಿಲವಾಗುತ್ತದೆ' ಎಂಬ ಮಾರಾಟಗಾರರ ಮಾತು ಅರ್ಧ ಸತ್ಯ: ಚರ್ಮ ಅಗಲದಲ್ಲಿ ತುಸು ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದಿಲ್ಲ.

ಅಂದದ ಬಗ್ಗೆ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದು ಬಹುಮಟ್ಟಿಗೆ ಅವರವರ ರುಚಿ. ಆದರೂ ಒಂದೆರಡು ಮಾತು ಹೇಳಬಹುದು. ಕಣಕಾಲಿಗೆ ಅಂಟಿದಂತೆ ಕೂರುವ ಬೂಟಿನ ಮೇಲೆ ಪ್ಯಾಂಟಿನ ಅಂಚು ಸಲೀಸಾಗಿ ಇಳಿಯುತ್ತದೆ. ಬಾಯಿ ಅಗಲವಾದ ಬೂಟು ಸ್ಕರ್ಟಿನ ಜೊತೆ ಚೆಂದ, ಕಾಲನ್ನು ತೆಳುವಾಗಿಯೂ ತೋರಿಸುತ್ತದೆ. ಕಾಲುಚೀಲ ಮತ್ತು ಬೂಟು ಒಂದೇ ಬಣ್ಣದವಾಗಿದ್ದರೆ ಕಾಲು ನೀಳವಾಗಿ ಕಾಣುತ್ತದೆ. ಚರ್ಮದ ಪದರಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಹೀಲ್, ಅಗಲವಾಗಿದ್ದರೂ ಒರಟಾಗಿ ಕಾಣುವುದಿಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಅರ್ಧರ್ಧ ಗಂಟೆ ಮನೆಯೊಳಗೇ ತೊಟ್ಟು ಪಳಗಿಸಿ. ಕಚ್ಚುವ ಜಾಗ ಯಾವುದೆಂದು ಆಗಲೇ ತಿಳಿಯುತ್ತದೆ, ಅಲ್ಲಿ ಗುಳ್ಳೆ ಏಳುವ ಮೊದಲೇ ಪಟ್ಟಿ ಅಂಟಿಸಬಹುದು. ತಳ ಚರ್ಮದ್ದಾಗಿದ್ದರೆ ದುರಸ್ತಿ ಮಾಡುವವರಿಂದ ಮುಂಭಾಗಕ್ಕೆ ತೆಳುವಾದ ರಬ್ಬರ್ ಪದರ ಹಾಕಿಸಿಕೊಳ್ಳಿ, ಒದ್ದೆ ನೆಲದ ಮೇಲೆ ಜಾರುವುದು ತಪ್ಪುತ್ತದೆ. ಒಂದೇ ಜೊತೆಯನ್ನು ದಿನವೂ ತೊಡದೆ, ಒಳಗಿನ ತೇವ ಆರಲು ಒಂದು ದಿನ ಬಿಡಿ. ನೆನೆದ ಬೂಟಿನೊಳಗೆ ಕಾಗದ ತುರುಕಿ ನೆರಳಿನಲ್ಲಿಡಬೇಕೇ ಹೊರತು ಬಿಸಿಲಿಗೋ ಬೆಂಕಿಯ ಹತ್ತಿರವೋ ಇಡಬಾರದು. ನಡೆಯುವಾಗ ಹೀಲಿನ ಸದ್ದನ್ನೂ ಗಮನಿಸುತ್ತಿರಿ: ಮಂದವಾಗಿದ್ದ ಸದ್ದು ಒಂದು ದಿನ ಲೋಹ ತಾಗಿದಂತೆ ಟಣ್ ಎಂದು ಕೇಳಿದರೆ ತುದಿಯ ರಬ್ಬರ್ ತುಂಡು ಸವೆದು ಒಳಗಿನ ಮೊಳೆ ನೆಲ ಮುಟ್ಟಿದೆ ಎಂದು ತಿಳಿಯಿರಿ, ಆ ವಾರವೇ ಅದನ್ನು ಬದಲಾಯಿಸಿಕೊಳ್ಳಿ.